ಬಣ್ಣದ ಕೊಕ್ಕರೆ ಸೈಬೀರಿಯಾ ಕಂಡಿಲ್ಲ

ಡಿಸೆಂಬರ್ ಬಂತೆಂದರೆ ಈ ಸುದ್ದಿ ಬಂದೇ ಬರುತ್ತದೆ. ಕೊಕ್ಕರೆ ಬೆಳ್ಳೂರಿನಲ್ಲೋ ರಂಗನತಿಟ್ಟಿನಲ್ಲೋ ಮರದ ತುದಿಗೆ ನಿಂತ ಬಣ್ಣದ ಕೊಕ್ಕರೆಯ ಚಿತ್ರ. ಅದರ ಕೆಳಗೆ ‘ಸಾವಿರಾರು ಮೈಲಿ ಹಾರಿ ಬಂದ ವಿದೇಶಿ ಅತಿಥಿಗಳು’ ಎಂಬ ಸಾಲು. ಒಳಗೆ ‘ಸೈಬೀರಿಯಾ, ಆಸ್ಟ್ರೇಲಿಯಾ ಮುಂತಾದ ದೇಶಗಳಿಂದ ಮರಿ ಮಾಡಲು ಇಲ್ಲಿಗೆ ಬರುತ್ತವೆ’ ಎಂಬ ವಿವರ. ಸೈಬೀರಿಯಾ ದೇಶವಲ್ಲ, ರಷ್ಯಾದ ಒಂದು ಭಾಗ ಎಂಬುದನ್ನು ಬದಿಗಿಡೋಣ. ಆ ವಾಕ್ಯದಲ್ಲಿ ‘ಮರಿ ಮಾಡಲು’ ಎಂಬುದೊಂದೇ ಸರಿ. ಆ ಸರಿಯಾದ ಮಾತೇ ಉಳಿದದ್ದೆಲ್ಲ ಸುಳ್ಳೆಂದು ತೋರಿಸಿಕೊಡುತ್ತದೆ. ಆದರೂ ಪ್ರವಾಸಕ್ಕೆ ಮಕ್ಕಳನ್ನು ಕರೆತಂದ ಮೇಷ್ಟ್ರು ಇದನ್ನೇ ಹೇಳುತ್ತಾರೆ, ಟಿವಿಯವರು ಇದನ್ನೇ ಓದುತ್ತಾರೆ, ಸಭೆಯಲ್ಲಿ ಮೈಕು ಹಿಡಿದವರು ಇದನ್ನೇ ಒಪ್ಪಿಸುತ್ತಾರೆ. ಮಕ್ಕಳು ಬರೆದುಕೊಳ್ಳುತ್ತಾರೆ.

ನೇರವಾಗಿ ಹೇಳಿಬಿಡುತ್ತೇನೆ. ಬಣ್ಣದ ಕೊಕ್ಕರೆ ಸೈಬೀರಿಯಾದಿಂದ ಬರುವುದಿಲ್ಲ. ಹೆಜ್ಜಾರ್ಲೆ ಬರುವುದಿಲ್ಲ. ಬಾಯಿಕಳಕ, ಕೆಂಬರಲು, ಚಮಚಕೊಕ್ಕು, ಹಾವಕ್ಕಿ, ನೀರುಕಾಗೆ, ಇರುಳುಬಕ, ಹೀಗೆ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುವ ಯಾವ ಹಕ್ಕಿಯೂ ಅಲ್ಲಿಂದ ಬಂದದ್ದಲ್ಲ. ಬಣ್ಣದ ಕೊಕ್ಕರೆಯ ನೆಲೆ ಭಾರತ ಮತ್ತು ಶ್ರೀಲಂಕಾದಿಂದ ಆಗ್ನೇಯ ಏಷ್ಯಾದವರೆಗೆ. ಹಿಮಾಲಯದ ಆಚೆ ಅದು ಇಲ್ಲವೇ ಇಲ್ಲ. ನಮ್ಮ ಹೆಜ್ಜಾರ್ಲೆ, ಎಂದರೆ ಮೇಲ್ಕೊಕ್ಕಿನ ಉದ್ದಕ್ಕೂ ಚುಕ್ಕೆಗಳಿರುವ ಬೂದು ಹಕ್ಕಿ, ದಕ್ಷಿಣ ಭಾರತ, ಅಸ್ಸಾಂ, ಶ್ರೀಲಂಕಾ, ಕಾಂಬೋಡಿಯಾಗಳದ್ದು. ಆಸ್ಟ್ರೇಲಿಯಾದಲ್ಲಿರುವ ಹೆಜ್ಜಾರ್ಲೆ ಬೇರೆಯೇ ಜಾತಿ. ಅದು ಮಂಡ್ಯ ಜಿಲ್ಲೆಯ ಹುಣಸೆಮರ ಹುಡುಕಿಕೊಂಡು ಬರುವುದಿಲ್ಲ.

ಫೆಬ್ರವರಿಯ ಕೊನೆಯಲ್ಲಿ ಒಂದು ದಿನ ರಂಗನತಿಟ್ಟಿನ ಮೊದಲ ದೋಣಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ದೊಡ್ಡ ಲೆನ್ಸಿನ ಒಬ್ಬರು. ಕ್ಯಾಮೆರಾ ಹಿಡಿಯುವ ಕೈ ಪಳಗಿದ್ದು ನೋಡಿದರೇ ಗೊತ್ತಾಗುತ್ತಿತ್ತು; ಹಕ್ಕಿ ರೆಕ್ಕೆ ಬಿಚ್ಚುವ ಮುನ್ನವೇ ಅವರ ಬೆರಳು ಗುಂಡಿಯ ಮೇಲಿರುತ್ತಿತ್ತು. ಒಂದು ಬಣ್ಣದ ಕೊಕ್ಕರೆ ಎಲೆ ಸಮೇತ ಕಡ್ಡಿ ಕಚ್ಚಿಕೊಂಡು ನಮ್ಮ ತಲೆಯ ಮೇಲೆ ಹಾದು ಹೊಳೆಮತ್ತಿಯ ಮರಕ್ಕೆ ಇಳಿಯಿತು. ಚಿತ್ರ ಸಿಕ್ಕ ಖುಷಿಯಲ್ಲಿ ಅವರು ‘ಸೈಬೀರಿಯನ್ ಸ್ಟಾರ್ಕ್, ಸೂಪರ್ ಫ್ರೇಮ್’ ಎಂದರು.

‘ಕಡ್ಡಿ ಯಾತಕ್ಕೆ ತಗೊಂಡು ಹೋಯ್ತು ಸಾರ್?’ ಎಂದು ಕೇಳಿದೆ.

‘ಗೂಡಿಗೆ.’

‘ಗೂಡು ಇಲ್ಲೇ ಕಟ್ಟೋದಾದ್ರೆ ಸೈಬೀರಿಯಾದಲ್ಲಿ ಏನು ಮಾಡುತ್ತೆ?’

ಅವರು ಒಂದು ಗಳಿಗೆ ಯೋಚಿಸಿ, ‘ಅಲ್ಲೂ ಒಂದು ಕಟ್ಟುತ್ತೇನೋ’ ಎಂದರು. ಹುಟ್ಟು ಹಾಕುತ್ತಿದ್ದ ದೋಣಿಯವರು, ‘ಇವು ನಮ್ಮ ಕಡೆಯವೇ ಸಾರ್, ಮಳೆಗಾಲಕ್ಕೆ ಕೆರೆಗಳ ಕಡೆ ಹೋಯ್ತವೆ’ ಎಂದರೂ ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ತಾಳ್ಮೆ ತಪ್ಪುವುದು ಇಲ್ಲಿಯೇ. ಆ ಕ್ಯಾಮೆರಾದಲ್ಲಿ ಅವತ್ತು ಬೆಳಿಗ್ಗೆಯೇ ಉತ್ತರ ಇತ್ತು: ಕಡ್ಡಿ ಹೊತ್ತ ಹಕ್ಕಿ, ಕಾವಿಗೆ ಕೂತ ಹಕ್ಕಿ, ಬಾಯಿ ತೆರೆದು ಕೂಗುವ ಬಿಳಿ ತುಪ್ಪುಳಿನ ಮರಿ. ಪ್ರತಿ ಚಿತ್ರದ ಜೊತೆ ತಾರೀಖು ಕೂಡ ದಾಖಲಾಗಿತ್ತು. ಅಷ್ಟನ್ನೂ ಕಣ್ಣಾರೆ ಕಂಡವರು ನಂಬುವುದು ಯಾರೋ ಎಂದೋ ಬರೆದ ಅಡಿಬರಹವನ್ನು.

ಲೆಕ್ಕ ಇಷ್ಟೇ: ಹಕ್ಕಿ ಎಲ್ಲಿ ಗೂಡು ಕಟ್ಟುತ್ತದೋ ಅದೇ ಅದರ ಊರು. ಚಳಿಗಾಲಕ್ಕೆಂದು ಉತ್ತರದಿಂದ ಬರುವ ಹಕ್ಕಿಗಳು ಇಲ್ಲಿ ಗೂಡು ಕಟ್ಟುವುದಿಲ್ಲ, ಮೊಟ್ಟೆ ಇಡುವುದಿಲ್ಲ, ಮರಿ ಸಾಕುವುದಿಲ್ಲ. ಅವು ಬರುವುದು ಹೊಟ್ಟೆಪಾಡಿಗೆ. ಸೈಬೀರಿಯಾದಲ್ಲಿ ಸೆಪ್ಟೆಂಬರ್ ದಾಟುತ್ತಿದ್ದಂತೆ ನೀರು ಹೆಪ್ಪುಗಟ್ಟುತ್ತದೆ, ಹುಳುಹುಪ್ಪಟೆ ಸಾಯುತ್ತವೆ, ಕೆಸರು ಕಲ್ಲಾಗುತ್ತದೆ. ಕೊಕ್ಕು ಚುಚ್ಚಿ ತಿನ್ನುವ ಹಕ್ಕಿಗೆ ಅಲ್ಲಿ ಅನ್ನವಿಲ್ಲ. ಆಗ ದಕ್ಷಿಣಕ್ಕೆ ಹೊರಟು ನಮ್ಮ ಕೆರೆ, ಗದ್ದೆ, ಹೊಳೆಗಳಲ್ಲಿ ಆರೇಳು ತಿಂಗಳು ಮೇಯುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಮೈಯಲ್ಲಿ ಕೊಬ್ಬು ತುಂಬಿಕೊಂಡು ವಾಪಸ್ ಹೊರಡುತ್ತವೆ. ಮೇ ಕೊನೆಗೆ ಅಲ್ಲಿ ಹಿಮ ಕರಗುತ್ತದೆ. ಜೂನ್‌ನಲ್ಲಿ ಹಗಲು ಮುಗಿಯುವುದೇ ಇಲ್ಲವೆನ್ನುವಷ್ಟು ಉದ್ದ. ಸೊಳ್ಳೆ, ನೊಣಗಳು ಮುಗಿಲೆತ್ತರ. ಮರಿಗೆ ಉಣಿಸಲು ಅದಕ್ಕಿಂತ ಒಳ್ಳೆಯ ಕಾಲ ಸಿಗದು. ಆ ಕಿರು ಬೇಸಿಗೆಯಲ್ಲಿ ಮೊಟ್ಟೆ, ಮರಿ ಎಲ್ಲ ಮುಗಿಸಿಕೊಂಡು ಮತ್ತೆ ಈ ಕಡೆ ಮುಖ ಮಾಡುತ್ತವೆ.

ಈಗ ಬಣ್ಣದ ಕೊಕ್ಕರೆಯ ಲೆಕ್ಕ ನೋಡಿ. ಮೊಟ್ಟೆಗೆ ಸುಮಾರು ಒಂದು ತಿಂಗಳು ಕಾವು, ಮರಿ ಹಾರಲು ಮತ್ತೆರಡು ತಿಂಗಳು. ಗೂಡು ಕಟ್ಟಿ ರಿಪೇರಿ ಮಾಡುವ ದಿನಗಳನ್ನೂ ಸೇರಿಸಿದರೆ ನಾಲ್ಕು ತಿಂಗಳು ಆಯಿತು. ಹಾರಲು ಕಲಿತ ಮೇಲೂ ಮರಿಗಳು ಗೂಡಿಗೆ ಬಂದು ಅಪ್ಪ ಅಮ್ಮನ ಬಾಯಿಗೆ ಕೊಕ್ಕು ಹಾಕುತ್ತವೆ. ಇಷ್ಟು ದೊಡ್ಡ ಸಂಸಾರವನ್ನು ಇಲ್ಲಿ ಒಮ್ಮೆ, ಮಂಜುಗಡ್ಡೆಯ ನಾಡಿನಲ್ಲಿ ಇನ್ನೊಮ್ಮೆ ಹೂಡಲು ವರ್ಷದಲ್ಲಿ ಪುರುಸೊತ್ತು ಎಲ್ಲಿದೆ?

ಮೈಕಟ್ಟನ್ನೂ ಗಮನಿಸಬೇಕು. ಈ ಹಕ್ಕಿಯ ಬದುಕೆಲ್ಲ ಬಿಸಿಲಿಗೆ ಒಗ್ಗಿದ್ದು. ಮಧ್ಯಾಹ್ನದ ಹೊತ್ತಿಗೆ ದೋಣಿ ಮರದ ಹತ್ತಿರ ನಿಂತರೆ ಇದು ಚೆನ್ನಾಗಿ ಕಾಣುತ್ತದೆ. ತಾಯಿಯೋ ತಂದೆಯೋ, ಸೂರ್ಯನಿಗೆ ಬೆನ್ನು ಕೊಟ್ಟು, ರೆಕ್ಕೆಗಳನ್ನು ಅರ್ಧ ಬಿಚ್ಚಿ ಇಳಿಬಿಟ್ಟು ಗೂಡಿನ ಅಂಚಿನಲ್ಲಿ ನಿಂತಿರುತ್ತದೆ. ಅದರ ನೆರಳು ಬಿದ್ದಷ್ಟೇ ಜಾಗದಲ್ಲಿ ಮರಿಗಳು ಒತ್ತೊತ್ತಾಗಿ ಮುದುಡಿರುತ್ತವೆ. ಸೂರ್ಯ ಸರಿದಂತೆ ದೊಡ್ಡ ಹಕ್ಕಿಯೂ ಒಂದೊಂದೇ ಹೆಜ್ಜೆ ಸರಿಯುತ್ತದೆ, ಮರಿಗಳೂ ನೆರಳಿನ ಹಿಂದೆ ಸರಿಯುತ್ತವೆ. ಇನ್ನೊಂದು ಹಕ್ಕಿ ಹೊಳೆಗೆ ಹೋಗಿ ಗಂಟಲಲ್ಲಿ ನೀರು ತುಂಬಿಕೊಂಡು ಬಂದು ಮರಿಗಳ ಮೇಲೆ, ಬಾಯಿಗೆ ಸುರಿಯುತ್ತದೆ. ನಿಂತ ಹಕ್ಕಿಯ ಗುಲಾಬಿ ಕಾಲು ಸುಣ್ಣ ಬಳಿದಂತೆ ಬೆಳ್ಳಗಿರುತ್ತದೆ. ಅದು ರೋಗ ಅಲ್ಲ, ಮುಪ್ಪೂ ಅಲ್ಲ. ಕಾಲಿನ ಮೇಲೆ ತಾನೇ ತೆಳ್ಳನೆಯ ಹಿಕ್ಕೆ ಹಾಕಿಕೊಳ್ಳುತ್ತದೆ. ಆ ನೀರು ಆರುವಾಗ ಕಾಲಿನೊಳಗೆ ಹರಿಯುವ ರಕ್ತ ತಣ್ಣಗಾಗುತ್ತದೆ. ರೆಕ್ಕೆ ಬಿಚ್ಚಿದ್ದನ್ನು ‘ಪ್ರವಾಸಿಗರನ್ನು ಸ್ವಾಗತಿಸುವ ನೃತ್ಯ’ ಎಂದು ಬರೆದದ್ದನ್ನೂ ನಾನು ಓದಿದ್ದೇನೆ. ಬಿಸಿಲಲ್ಲಿ ಮರಿ ಸಾಯದಿರಲಿ ಎಂದು ಗಂಟೆಗಟ್ಟಲೆ ನಿಂತ ಪ್ರಾಣಿಯ ಬಗ್ಗೆ ಹೀಗೆ ಬರೆಯುವುದು ನನಗೆ ಸಹಿಸಲಾಗದ ಮಾತು.

ಸೂತ್ರಕ್ಕೆ ಅಪವಾದ ಇಲ್ಲವೇ ಎಂದು ಕೇಳಬಹುದು. ಇದೆ. ಚಾತಕ ಮುಂಗಾರಿನ ಮುಂದೆ ಆಫ್ರಿಕಾದಿಂದ ಬಂದು ಇಲ್ಲಿಯೇ ಮೊಟ್ಟೆ ಇಡುತ್ತದೆ, ಅದೂ ಹರಟೆಮಲ್ಲನ ಗೂಡಿನಲ್ಲಿ. ಆದರೆ ಅದು ಬರುವುದು ಚಳಿಗಾಲಕ್ಕಲ್ಲ, ಉತ್ತರದ ಹಿಮದಿಂದಲೂ ಅಲ್ಲ. ಗೂಡಿನ ಊರೇ ಹಕ್ಕಿಯ ಊರು ಎಂಬ ಮಾತು ಅದಕ್ಕೂ ಅನ್ವಯಿಸುತ್ತದೆ. ಹುಟ್ಟಿದ್ದು ಇಲ್ಲಿ, ಮಳೆ ಮುಗಿದ ಮೇಲೆ ಹೋಗುವುದು ಅಲ್ಲಿಗೆ.

ನಿಜವಾಗಿ ಉತ್ತರದಿಂದ ಬಂದ ಹಕ್ಕಿ ಅವತ್ತು ದೋಣಿಯ ಪಕ್ಕದಲ್ಲೇ ಇತ್ತು. ಬಂಡೆಯ ನೀರಂಚಿನಲ್ಲಿ ಗೇಣುದ್ದದ ಕಂದು ಗದ್ದೆಗೊರವವೊಂದು ಬಾಲದ ತುದಿ ಕುಣಿಸುತ್ತಾ ಓಡಾಡುತ್ತಿತ್ತು. ಹೊಟ್ಟೆ ಬಿಳಿ, ಆ ಬಿಳುಪು ರೆಕ್ಕೆಯ ಮುಂದೆ ಭುಜದ ಕಡೆಗೆ ಒಂದು ಎಳೆಯಾಗಿ ಏರಿರುತ್ತದೆ. ಹಿಮಾಲಯದಲ್ಲೋ ಅದರಾಚೆ ಸೈಬೀರಿಯಾದವರೆಗಿನ ಯಾವುದೋ ಹೊಳೆಯ ದಂಡೆಯಲ್ಲೋ ಹುಟ್ಟಿದ ಜೀವ ಅದು. ದೋಣಿಯಲ್ಲಿದ್ದ ಒಂದು ಲೆನ್ಸೂ ಅದರತ್ತ ತಿರುಗಲಿಲ್ಲ. ದಡದ ಮರದಲ್ಲಿ ‘ಚಿಸ್ವೀ’ ಎನ್ನುತ್ತಿದ್ದ ಎಲೆ ಉಲಿಯಕ್ಕಿಯೂ ಅಂಥದ್ದೇ. ತೂಕ ಹತ್ತು ಗ್ರಾಮೂ ಇಲ್ಲ. ಹಿಮಾಲಯದಿಂದ ಸೈಬೀರಿಯಾದವರೆಗಿನ ಕಾಡುಗಳಲ್ಲಿ ಮರಿ ಮಾಡಿ, ಅಕ್ಟೋಬರ್‌ಗೆ ಮೈಸೂರಿನ, ಬೆಂಗಳೂರಿನ ಮನೆಗಳ ಹಿತ್ತಲಿಗೆ ಬಂದು ಏಪ್ರಿಲ್‌ವರೆಗೆ ಎಲೆಯಡಿಯ ಹುಳು ಹೆಕ್ಕುತ್ತದೆ. ಸೈಬೀರಿಯಾದ ನಂಟಿರುವ ಹಕ್ಕಿ ನೋಡುವ ಆಸೆ ಇದ್ದರೆ ನಿಮ್ಮ ಕರಿಬೇವಿನ ಗಿಡದಲ್ಲಿ ಹುಡುಕಿ. ಬೂದು ಸಿಪಿಲೆ, ಜೌಗು ಸೆಳೆವ, ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು, ಸಂಜೆ ಹೊಗೆಯ ಹಾಗೆ ಸುತ್ತುವ ಗುಲಾಬಿ ಕಬ್ಬಕ್ಕಿಯ ಹಿಂಡು, ಇವೂ ಉತ್ತರದವು. ಇವುಗಳ ಗೂಡಿನ ಚಿತ್ರವನ್ನು ಕರ್ನಾಟಕದಲ್ಲಿ ಯಾರೂ ತೆಗೆದಿಲ್ಲ, ತೆಗೆಯಲು ಇಲ್ಲಿ ಗೂಡೇ ಇಲ್ಲ.

ದೊಡ್ಡ ಹಕ್ಕಿಯೇ ಬೇಕೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಬೇಕು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಗೀರಿರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಚಳಿಗಾಲಕ್ಕೆ ಬರುತ್ತವೆ. ಮಂಗೋಲಿಯಾ, ಟಿಬೆಟ್, ನಮ್ಮದೇ ಲಡಾಖಿನ ಎತ್ತರದ ಸರೋವರಗಳು ಅವುಗಳ ತವರು. ಹೊಲದಲ್ಲಿ ಮೇಯ್ದು ಕೆರೆಯಲ್ಲಿ ವಿಶ್ರಮಿಸುತ್ತವೆ, ಗೂಡು ಕಟ್ಟುವುದಿಲ್ಲ. ಇವುಗಳ ಬಗ್ಗೆಯೂ ಒಂದು ಉತ್ಪ್ರೇಕ್ಷೆ ಓಡಾಡುತ್ತಿದೆ, ಎವರೆಸ್ಟ್ ಮೇಲೆ ಹಾರಿ ಬರುತ್ತವೆಂದು. ಹೆಬ್ಬಾತುಗಳಿಗೆ ಟ್ರಾನ್ಸ್‌ಮೀಟರ್ ಕಟ್ಟಿ ಅಳೆದಾಗ ಸಿಕ್ಕ ಗರಿಷ್ಠ ಎತ್ತರ ಸಮುದ್ರಮಟ್ಟದಿಂದ ಸುಮಾರು 7,290 ಮೀಟರ್. ಹಾರಾಟದ ಬಹುಪಾಲು 5,500 ಮೀಟರಿಗಿಂತ ಕೆಳಗೇ ನಡೆಯುತ್ತದೆ. ಎವರೆಸ್ಟ್ 8,849 ಮೀಟರ್. ಬುದ್ಧಿ ಇರುವ ಹಕ್ಕಿ ಶಿಖರ ಏರುವುದಿಲ್ಲ, ಕಣಿವೆ ಹಿಡಿದು ದಾಟುತ್ತದೆ. ಹಾಗೆ ದಾಟಲು ಬೇಕಾದ ಶ್ವಾಸಕೋಶ, ರಕ್ತ, ಹೃದಯದ ತಾಕತ್ತೇ ಬೆರಗು ಹುಟ್ಟಿಸುವಷ್ಟಿದೆ. ಅದರ ಮೇಲೆ ಎವರೆಸ್ಟ್ ಹೇರುವ ಅಗತ್ಯವಿಲ್ಲ.

ಹಾಗಾದರೆ ಕೊಕ್ಕರೆಗಳು ಎಲ್ಲಿಂದ ‘ಬರುತ್ತವೆ’? ಡಿಸೆಂಬರ್ ಹೊತ್ತಿಗೆ ಬೆಳ್ಳೂರಿಗೆ ಬಂದಿಳಿಯುವುದು, ಜೂನ್ ಹೊತ್ತಿಗೆ ಖಾಲಿಯಾಗುವುದು ನಿಜವಲ್ಲವೆ? ನಿಜ. ಮರಿ ಹಾರಿದ ಮೇಲೆ ಅವು ಕೆರೆ, ಹಿನ್ನೀರು, ಗದ್ದೆ ಬಯಲುಗಳಿಗೆ ಚದುರಿಹೋಗುತ್ತವೆ. ಎಲ್ಲಿ ನೀರು ಮೊಣಕಾಲುದ್ದ, ಎಲ್ಲಿ ಮೀನು ಒತ್ತಾಗಿದೆ, ಅಲ್ಲಿಗೆ. ಕರ್ನಾಟಕ, ತಮಿಳುನಾಡು, ಆಂಧ್ರಗಳ ನಡುವೆ ಅವುಗಳಿಗೆ ಗಡಿಯಿಲ್ಲ. ಕೆರೆಗಳ ನೀರು ಇಳಿದು ಮೀನು ಮೂಲೆಗೆ ಸೇರುವ ಕಾಲಕ್ಕೆ ಗೂಡಿನ ಮರಗಳಿಗೆ ಮರಳುತ್ತವೆ. ಮರಿಗಳಿಗೆ ಹೆಚ್ಚು ಮೀನು ಬೇಕಾದ ದಿನಗಳು, ಮೀನು ಸುಲಭವಾಗಿ ಸಿಗುವ ದಿನಗಳು ಒಂದೇ ಆಗುತ್ತವೆ. ಕೆಲವು ನೂರು ಕಿಲೋಮೀಟರ್ ಓಡಾಟ ಇವುಗಳಿಗೆ ಲೆಕ್ಕವಲ್ಲ. ಭರತಪುರದಲ್ಲಿ ಉಂಗುರ ತೊಡಿಸಿದ ಒಂದು ಎಳೆ ಬಾಯಿಕಳಕ 800 ಕಿಲೋಮೀಟರ್ ಪೂರ್ವದಲ್ಲಿ ಸಿಕ್ಕಿದ ದಾಖಲೆ ಇದೆ. ಆದರೆ ಹೋದದ್ದು ಪೂರ್ವಕ್ಕೆ, ನೀರಿನ ಬೆನ್ನು ಹಿಡಿದು. ಹಿಮಾಲಯ ದಾಟಿ ಅಲ್ಲ.

ಈ ವಿಷಯದಲ್ಲಿ ಕೊಕ್ಕರೆ ಬೆಳ್ಳೂರಿನ ಜನರ ತಿಳಿವಳಿಕೆ ನಮ್ಮ ಸುದ್ದಿಮನೆಗಳಿಗಿಂತ ಎಷ್ಟೋ ಮೇಲು. ಮದ್ದೂರು ತಾಲ್ಲೂಕಿನ ಈ ಊರು ಶಿಂಷಾ ಹೊಳೆಗೆ ಹತ್ತಿರ. ಮನೆ ಹಿತ್ತಲ ಹುಣಸೆ, ಬೀದಿಯ ಅರಳಿಮರದ ಮೇಲೆ ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಒಟ್ಟಿಗೆ ಗೂಡು ಕಟ್ಟುತ್ತವೆ. ಊರವರಿಗೆ ಅವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಪಕ್ಷಿವಿಜ್ಞಾನಿಗೂ ಈ ಮಾತಿನಲ್ಲಿ ತಿದ್ದಲು ಏನೂ ಸಿಗದು: ಹಕ್ಕಿ ಹುಟ್ಟೂರಿಗೆ ಮರಿ ಮಾಡಲು ಮರಳಿದೆ. ಮರದಡಿ ಬಿದ್ದ ಮೀನುವಾಸನೆಯ ಹಿಕ್ಕೆಯನ್ನು ಗುಂಡಿಗೆ ಸೇರಿಸಿ ಗೊಬ್ಬರ ಮಾಡಿಕೊಂಡರು, ಗೂಡಿರುವ ಹುಣಸೆಮರ ಹತ್ತಿ ಕಾಯಿ ಬಡಿಯದೆ ಬಿಟ್ಟರು. ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುವ ಏರ್ಪಾಡು ಬಂದದ್ದು, 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾದದ್ದು ಎಲ್ಲ ಆ ಹಳೆಯ ನಂಟಿನಿಂದ. ಇಂಥ ಊರಿಗೆ ಹೋಗಿ, ಆ ಮರದಡಿ ನಿಂತು, ಕ್ಯಾಮೆರಾ ಮುಂದೆ ‘ವಿದೇಶಿ ಅತಿಥಿಗಳು’ ಎನ್ನುವುದು ಊರವರ ಮುಖದ ಮೇಲೆಯೇ ಅವರ ತಿಳಿವಳಿಕೆಯನ್ನು ತಳ್ಳಿಹಾಕಿದಂತೆ.

ಸೈಬೀರಿಯಾದ ಹೆಸರು ಹೇಗೆ ಅಂಟಿತು? ನನ್ನ ಅಂದಾಜು ಇದು: ರಾಜಸ್ಥಾನದ ಭರತಪುರಕ್ಕೆ ಸೈಬೀರಿಯನ್ ಕ್ರೇನ್ ಎಂಬ ಬೆಳ್ಳನೆಯ ಎತ್ತರದ ಹಕ್ಕಿ ಪ್ರತಿ ಚಳಿಗಾಲ ಬರುತ್ತಿತ್ತು. ಅದನ್ನು ಕಾಣಲು ದೇಶದ ಮೂಲೆಮೂಲೆಯಿಂದ ಜನ ಹೋಗುತ್ತಿದ್ದರು, ಪಠ್ಯಪುಸ್ತಕಕ್ಕೂ ಅದು ಸೇರಿತು. 2001-02ರ ಚಳಿಗಾಲದಲ್ಲಿ ಅಲ್ಲಿ ಕೊನೆಯ ಜೋಡಿ ಕಂಡಿತು, ಆಮೇಲೆ ಬರಲಿಲ್ಲ. ಹಕ್ಕಿ ಹೋಯಿತು, ಹೆಸರು ಉಳಿಯಿತು, ಉಳಿದ ಹೆಸರು ನೀರಲ್ಲಿ ನಿಂತ ಉದ್ದ ಕಾಲಿನ ಎಲ್ಲದಕ್ಕೂ ಅಂಟಿತು. ಕ್ರೇನ್ ಜಾತಿಯ ಆ ಹಕ್ಕಿ ಮರ ಹತ್ತುವುದೇ ಇಲ್ಲ. ಟಂಡ್ರಾದ ಜೌಗುನೆಲದಲ್ಲಿ ಗೂಡು ಮಾಡುತ್ತದೆ. ಮರದ ತುದಿಯಲ್ಲಿ ಕೂತ ಕೊಕ್ಕರೆಗೂ ಅದಕ್ಕೂ ಸಂಬಂಧವೇ ಇಲ್ಲ. ಈ ತಪ್ಪು ನಮ್ಮ ರಾಜ್ಯದ್ದು ಮಾತ್ರವೂ ಅಲ್ಲ. ಗಡಿಯಾಚೆ ಹಿಂದೂಪುರದ ಹತ್ತಿರದ ವೀರಾಪುರದಲ್ಲಿ, ಶ್ರೀಕಾಕುಳಂ ಕಡೆಯ ತೇಲಿನೀಲಾಪುರಂನಲ್ಲಿ ಗೂಡು ಕಟ್ಟುವ ಇವೇ ಹಕ್ಕಿಗಳನ್ನು ತೆಲುಗು ಸುದ್ದಿಗಳೂ ಸೈಬೀರಿಯಾದವೆಂದೇ ಬರೆಯುತ್ತವೆ.

ಎಲ್ಲಿಂದ ಬಂದರೇನು, ಚೆಂದ ಇದೆಯಲ್ಲ, ನೋಡಿ ಖುಷಿಪಡಿ ಎನ್ನುವವರಿದ್ದಾರೆ. ಒಪ್ಪಲಾರೆ. ಹಕ್ಕಿಯನ್ನು ಅತಿಥಿ ಎಂದ ಕೂಡಲೇ ಅದರ ಏರಿಳಿತದ ಹೊಣೆ ಬೇರೆಯವರ ಪಾಲಾಗುತ್ತದೆ. ‘ಈ ವರ್ಷ ಅತಿಥಿಗಳ ಸಂಖ್ಯೆ ಕಡಿಮೆ, ಜಾಗತಿಕ ತಾಪಮಾನ ಕಾರಣ’ ಎಂದು ಬರೆದು ಮುಗಿಸುತ್ತಾರೆ. ಕೆರೆ ಯಾಕೆ ಒಣಗಿತು, ರಾಜಕಾಲುವೆ ಯಾರು ಮುಚ್ಚಿದರು, ರಸ್ತೆ ಅಗಲ ಮಾಡುವಾಗ ಯಾವ ಆಲ, ಯಾವ ಹುಣಸೆ ಉರುಳಿತು, ಶಿಂಷಾದ ಮರಳು ಬಗೆದು ಹೊಳೆಯ ಮಡುಗಳು ಏನಾದವು, ಇವನ್ನು ಕೇಳುವವರಿಲ್ಲ. 2017ರ ಕೊನೆ, 2018ರ ಆರಂಭದಲ್ಲಿ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಮರದಿಂದ ಬಿದ್ದು ಸತ್ತವು. ಕೊಯ್ದು ನೋಡಿದಾಗ ಹೊಟ್ಟೆಯಲ್ಲಿ ಜಂತುಹುಳು. ಅವು ಬರುವುದು ತಿಂದ ಮೀನಿನಿಂದ, ಮೀನು ಸುತ್ತಲಿನ ಕೆರೆಗಳದ್ದು, ಕೆರೆಗೆ ಸೇರುವ ಕೊಳಚೆ ನಮ್ಮ ಊರುಗಳದ್ದು. ಈ ಸರಪಳಿಯಲ್ಲಿ ಸೈಬೀರಿಯಾ ಎಲ್ಲೂ ಇಲ್ಲ. ಹಕ್ಕಿಜ್ವರದ ಸುದ್ದಿ ಬಂದಾಗಲಂತೂ ‘ವಿದೇಶಿ’ ಎಂಬ ಪಟ್ಟ ಹಕ್ಕಿಗಳಿಗೇ ತಿರುಗುಬಾಣ. ನೆನ್ನೆ ಅತಿಥಿ ಎಂದವರೇ ಇಂದು ‘ಅಲ್ಲಿಂದ ರೋಗ ಹೊತ್ತು ತಂದಿವೆ’ ಎಂದು ಮರದ ಕಡೆ ಬೆರಳು ತೋರಿಸುತ್ತಾರೆ.

ರಂಗನತಿಟ್ಟಿನ ಕಥೆಯೂ ಪೂರ್ತಿ ಇಲ್ಲಿಯದೇ. 1645 ಮತ್ತು 1648ರ ನಡುವೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಈ ತಿಟ್ಟುಗಳು ಉಂಟಾದವು. ಮೈಸೂರು ಸೀಮೆಯ ಹಕ್ಕಿಗಳ ಸಮೀಕ್ಷೆಗೆ ಬಂದ ಸಾಲಿಂ ಅಲಿಯವರ ಒತ್ತಾಯದಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಕೆಆರ್‌ಎಸ್‌ನಿಂದ ಒಮ್ಮೆಲೇ ನೀರು ಬಿಟ್ಟರೆ ತಿಟ್ಟುಗಳು ಮುಳುಗುತ್ತವೆ, ಕೆಳಗಿನ ಕೊಂಬೆಯ ಗೂಡು ಕೊಚ್ಚಿಹೋಗುತ್ತದೆ. 2018, 2019ರ ಪ್ರವಾಹಗಳಲ್ಲಿ ಆದದ್ದು ಇದೇ. ಈ ಹಕ್ಕಿಗಳ ಹಣೆಬರಹ ಬರೆಯುವುದು ಕನ್ನಂಬಾಡಿಯ ಗೇಟುಗಳು.

ಚಿತ್ರ ತೆಗೆಯುವವರಲ್ಲಿ ಬೇರೂರಿದ ಇನ್ನೊಂದು ನಂಬಿಕೆಗೂ ಜಾಗ ಕೊಡಲೇಬೇಕು: ‘ಹಕ್ಕಿ ಅಲುಗದೆ ಕೂತಿದೆ, ಹಾಗಾಗಿ ನನಗೆ ಹೆದರಿಲ್ಲ.’ ಕಾವಿಗೆ ಕೂತ ಹಕ್ಕಿ ಅಲುಗದಿರುವುದು ಹೆದರಿದ್ದರಿಂದಲೇ. ಎದ್ದರೆ ಗೂಡು ಬಯಲಾಗುತ್ತದೆ, ಅದಕ್ಕೇ ಕೊನೆಯ ಗಳಿಗೆವರೆಗೆ ಕಚ್ಚಿಕೊಂಡು ಕೂರುತ್ತದೆ. ಹೊಳೆಯ ರೀವ ಹಕ್ಕಿ ಬಂಡೆಯ ಮೇಲೆ, ಮರಳ ದಿಬ್ಬದಲ್ಲಿ, ಗೂಡೆಂಬ ಗೂಡಿಲ್ಲದೆ ಮೊಟ್ಟೆ ಇಡುತ್ತದೆ. ಮಾರ್ಚ್‌ನ ಬಿಸಿಲಲ್ಲಿ ನೀವು ದಿಬ್ಬಕ್ಕೆ ಕಾಲಿಟ್ಟು ಅದನ್ನು ಎಬ್ಬಿಸಿದರೆ, ನಿಮ್ಮ ನಾಲ್ಕು ಫ್ರೇಮ್ ಮುಗಿಯುವಷ್ಟರಲ್ಲಿ ಕಾದ ಕಲ್ಲಿನ ಮೇಲೆ ಮೊಟ್ಟೆಯೊಳಗಿನ ಜೀವ ಹೋಗಬಹುದು. ಬಿಸಿಲು ಬಿಟ್ಟರೆ ಕಾಗೆ ಬಿಡುವುದಿಲ್ಲ. ಶ್ರೀರಂಗಪಟ್ಟಣದ ಬಳಿ ನಗುವನಹಳ್ಳಿಯಲ್ಲಿ ನೀಲಿಬಾಲದ ಕಳ್ಳಿಪೀರಗಳು ಮಣ್ಣಿನಲ್ಲಿ ಬಿಲ ಕೊರೆದು ಮರಿ ಮಾಡುತ್ತವೆ. ಬಿಲದ ಬಾಯಿಗೆ ಹತ್ತಿರ ಟ್ರೈಪಾಡ್ ಹೂಡಿದವರಿಗೆ, ತಂತಿಯ ಮೇಲೆ ಕೊಡತಿಹುಳ ಕಚ್ಚಿಕೊಂಡು ಕೂತ ಹಕ್ಕಿಯ ಚಿತ್ರ ಬಲು ಚೆನ್ನಾಗಿ ಸಿಗುತ್ತದೆ. ಅಷ್ಟು ಹೊತ್ತು ಅದು ಯಾಕೆ ಅಲ್ಲೇ ಕೂತಿದೆ ಎಂದು ಅವರು ಕೇಳಿಕೊಳ್ಳಬೇಕು. ಬಿಲಕ್ಕೆ ಹೋಗಲು ದಾರಿ ಬಿಟ್ಟಿಲ್ಲ, ಅದಕ್ಕೆ. ಒಳಗೆ ಮರಿ ಹಸಿದಿದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಗೂಡಿನಿಂದ ಬಿದ್ದ ಮರಿಯನ್ನು ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು. ಗೂಡು ಕೈಗೆ ಸಿಕ್ಕಿದರೆ ಮರಳಿ ಇಡಿ. ಬಾಯಿಕಳಕದ ಕೊಕ್ಕಿನ ನಡುವಿನ ಸಂದು ಗಾಯವಲ್ಲ, ಗದ್ದೆಯ ಬಸವನಹುಳು ಹಿಡಿಯುವ ಹಕ್ಕಿಗೆ ವಯಸ್ಸಾದಂತೆ ಬರುವ ಸಹಜ ರಚನೆ. ಹೆಬ್ಬಾತು ಹುಲ್ಲು ತಿನ್ನುತ್ತದೆ, ಯಾವ ಹಂಸವೂ ಹಾಲು ನೀರು ಬೇರೆ ಮಾಡುವುದಿಲ್ಲ. ಚಾತಕ ಮಳೆಹನಿಗೆ ಬಾಯಿಬಿಟ್ಟುಕೊಂಡು ಬದುಕುವುದಿಲ್ಲ, ಕಂಬಳಿಹುಳು ಅದರ ಊಟ. ಹೊಳೆದಂಡೆಯ ಮೀನುಗೂಬೆ ಯಾರ ಸಾವನ್ನೂ ಕೂಗಿ ಕರೆಯುವುದಿಲ್ಲ. ಈ ನಂಬಿಕೆಗೆ, ಮಾಟಮಂತ್ರದ ಆಸೆಗೆ ಗೂಬೆಗಳು ಹಿಡಿತಕ್ಕೆ ಸಿಕ್ಕಿ ಸಾಯುತ್ತಿವೆ.

ನನ್ನನ್ನು ಹೆಚ್ಚು ಕಾಡುವುದು ಗೂಬೆಗೆ ಹೆದರುವ ಅಜ್ಜಿಯಲ್ಲ. ಅವರಿಗೆ ಯಾರೂ ಬೇರೆ ಹೇಳಿಕೊಟ್ಟಿರಲಿಲ್ಲ. ಲಕ್ಷಾಂತರ ರೂಪಾಯಿಯ ಲೆನ್ಸು ಕೊಂಡು, ಅದರ ಒಂದೊಂದು ಗಾಜಿನ ಗುಣ ಅರಿತು, ಎದುರಿಗೆ ಕೂತ ಹಕ್ಕಿಯ ಬಗ್ಗೆ ಮಾತ್ರ ವಾಟ್ಸ್ಆ್ಯಪಿನಲ್ಲಿ ಬಂದದ್ದನ್ನು ನಂಬುವ ಓದಿದವರು ಕಾಡುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಅಂಗಡಿಗಳಲ್ಲಿ ಎಷ್ಟೋ ವರ್ಷಗಳಿಂದ ಸಿಗುತ್ತಿದೆ. ಹಕ್ಕಿಗಳ ಓಡಾಟದ ನಕ್ಷೆಯನ್ನು ತಿಂಗಳವಾರು ತೋರಿಸುವ ಇ-ಬರ್ಡ್ ಪುಕ್ಕಟೆ. ಅದರಲ್ಲಿ ಬಣ್ಣದ ಕೊಕ್ಕರೆ ಎಂದು ಹುಡುಕಿದರೆ ರಷ್ಯಾದ ನಕ್ಷೆ ಖಾಲಿ ಇರುವುದು ಅರೆ ನಿಮಿಷದಲ್ಲಿ ಕಾಣುತ್ತದೆ. ಆ ಅರೆ ನಿಮಿಷವನ್ನು ಸುದ್ದಿ ಬರೆಯುವವರು ಕೊಡುವುದಿಲ್ಲ, ಹಂಚುವವರು ಕೊಡುವುದಿಲ್ಲ. ದೂರದ್ದಾದರೆ ದೊಡ್ಡದು, ಹತ್ತಿರದ್ದಾದರೆ ಸಾಮಾನ್ಯ ಎಂಬ ಭಾವನೆ ಇದರ ಬುಡದಲ್ಲಿದೆ. ಮದ್ದೂರಿನ ಹುಣಸೆಮರದಲ್ಲಿ ಹುಟ್ಟಿದ ಹಕ್ಕಿ ಎಂದರೆ ಚಿತ್ರಕ್ಕೆ ಬೆಲೆ ಕಡಿಮೆಯಾದೀತೆಂಬ ಅಂಜಿಕೆ.

ಜುಲೈ, ಆಗಸ್ಟ್‌ನಲ್ಲಿ ನಿಮ್ಮೂರ ಕೆರೆಯ ಅಂಚಿನಲ್ಲಿ ಉದ್ದ ಕಾಲಿನ, ಮಾಸಲು ಕಂದುಬೂದು ಬಣ್ಣದ, ಎದೆಪಟ್ಟಿಯೂ ಬೆನ್ನಿನ ಗುಲಾಬಿಯೂ ಇಲ್ಲದ ಕೊಕ್ಕರೆಗಳು ಕಂಡರೆ ಅವು ಬೇರೆ ಯಾವುದೋ ಅಪರೂಪದ ಜಾತಿಯಲ್ಲ. ಬೇಸಿಗೆಯಲ್ಲಿ ಗೂಡು ಬಿಟ್ಟ ಬಣ್ಣದ ಕೊಕ್ಕರೆಯ ಎಳೆಯ ಹಕ್ಕಿಗಳು. ಪೂರ್ತಿ ಬಣ್ಣ ಬರಲು ಎರಡು ಮೂರು ವರ್ಷ ಬೇಕು. ಎಷ್ಟಿವೆ ಎಂದು ಎಣಿಸಿ, ಕೆರೆಯ ಹೆಸರು, ತಾರೀಖು ಬರೆದು ಇ-ಬರ್ಡ್‌ಗೆ ಹಾಕಿ. ಕಾವೇರಿ, ಶಿಂಷಾ ಕಡೆಯ ಗೂಡು ಬಿಟ್ಟ ಹಕ್ಕಿಗಳು ಮಳೆಗಾಲದಲ್ಲಿ ಯಾವ ಯಾವ ಕೆರೆಗಳನ್ನು ನಂಬಿಕೊಂಡಿವೆ ಎಂದು ಗೊತ್ತಾಗಬೇಕಾದರೆ ಅಂಥ ದಾಖಲೆ ಪ್ರತಿ ತಾಲ್ಲೂಕಿನಿಂದ ಬೇಕು.